ತವಾ ಮೇಲೆ ಕ್ಯಾಮೆರಾ, ಟ್ರಾಮ್‌ಲೈನಿನಲ್ಲಿ ನಾನು: ಫೆನ್ಸ್ ಮೊಲಗಳ ಫೋಟೊ ಸಿಕ್ಕ ಬಗೆ

ಹೈಡ್ (ಅಡಗಿ ಕೂರುವ ಗುಡಾರ) ಇಲ್ಲದೆ, ದುಡ್ಡು ಕೊಟ್ಟರೆ ಫೋಟೊ ತೆಗೆಯೋಕೆ ಬಿಡುವ ಖಾಸಗಿ ಎಸ್ಟೇಟಿಗೆ ಹೋಗದೆ, 600 ಎಂಎಂ ಪ್ರೈಮ್ (ಜೂಮ್ ಇಲ್ಲದ ದುಬಾರಿ ಲೆನ್ಸ್) ಇಲ್ಲದೆ, ಬ್ರೌನ್ ಹೇರ್ ಅನ್ನೋ ಕಾಡುಮೊಲಗಳು ಎದ್ದು ನಿಂತು ಹೊಡೆದಾಡುವ ಬಾಕ್ಸಿಂಗ್ ಫ್ರೇಮ್ ತುಂಬ ಸಿಗೋದಿಲ್ಲ ಅಂತ ನಮ್ಮ ಕಡೆಯ ಕ್ಯಾಮೆರಾ ಕ್ಲಬ್ಬಿನ ಹಿರಿಯರು ಹೇಳುತ್ತಲೇ ಇದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜತೆ ವಾದ ಯಾಕೆ ಅಂತ ನಾನೂ ಸುಮ್ಮನಿದ್ದೆ. ಈ ಏಪ್ರಿಲ್‌ನಲ್ಲಿ ಕ್ಲಬ್ಬಿನ ಪರದೆ ಮೇಲೆ ಒಂದು ಫ್ರೇಮ್ ಹಾಕಿದೆ. ಎರಡು ಮೊಲ ಹಿಂಗಾಲ ಮೇಲೆ ಎದ್ದು ನಿಂತಿವೆ, ನಾಲ್ಕೂ ಮುಂಗಾಲು ಗಾಳಿಯಲ್ಲಿವೆ, ಕಿತ್ತು ಬಂದ ರೋಮ ಹಿಂಬೆಳಕಿಗೆ ಹೊಳೆಯುತ್ತಿದೆ. ಮೊದಲು ಬಂದ ಪ್ರಶ್ನೆ, "ಯಾವ ಎಸ್ಟೇಟು?"

ಎಸ್ಟೇಟೂ ಇಲ್ಲ, ಎಂಥದೂ ಇಲ್ಲ. ಪೂರ್ವ ಇಂಗ್ಲೆಂಡಿನ ಈಲಿ ಊರಿನ ಸುತ್ತಮುತ್ತಲ, ಫೆನ್ಸ್ ಅಂತ ಕರೆಯುವ ಬಯಲಲ್ಲಿ ಒಬ್ಬ ರೈತರ ಗೋಧಿ ಹೊಲ, ಅಷ್ಟೇ. ಯಾವ ರೈತ, ಯಾವ ಹೊಲ ಅಂತ ಮಾತ್ರ ಕೇಳಬೇಡಿ. ಯಾಕೆ ಹೇಳೋದಿಲ್ಲ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲು ಏನೇನು ಕೈಕೊಟ್ಟಿತು ಅನ್ನೋದನ್ನು ಬರೆದುಬಿಡುತ್ತೇನೆ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿ ಕೃಷ್ಣಮೃಗಗಳಿಗೆ ಕಾರು ಅಂದರೆ ಅಷ್ಟೇನೂ ಭಯ ಇಲ್ಲ, ಕಿಟಕಿ ಇಳಿಸಿ ಕೂತರೆ ಕೆಲಸ ಆಗುತ್ತೆ. ಅದೇ ಲೆಕ್ಕ ಇಲ್ಲಿಗೂ ಹಾಕಿದೆ. ಕಾರಿಗೆ ಇಲ್ಲಿಯ ಮೊಲಗಳೂ ಹೆದರಲಿಲ್ಲ, ನಿಜ. ತೊಂದರೆ ಬಂದದ್ದು ರಸ್ತೆಯಿಂದ. ಫೆನ್ಸ್ ಅಂದರೆ ನೀರು ಬಸಿದು ಸಾಗುವಳಿಗೆ ತಂದ ಜೌಗು. ಕೊಳೆತ ಗಿಡಗಳಿಂದಾದ ಕಪ್ಪು ಪೀಟ್ ಮಣ್ಣು ಒಣಗಿ ಒಣಗಿ ಕುಸಿಯುತ್ತಲೇ ಇದೆ. ಪೀಟರ್‌ಬರೊ ಹತ್ತಿರ ಹೋಮ್ ಫೆನ್‌ನಲ್ಲಿ 1850ರ ಆಸುಪಾಸಿನಲ್ಲಿ ತಲೆ ನೆಲಮಟ್ಟಕ್ಕೆ ಬರುವ ಹಾಗೆ ಹೂತ ಕಬ್ಬಿಣದ ಕಂಬ ಈಗ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಹೊಲ ಕೆಳಗೆ ಹೋಯಿತು, ರಸ್ತೆ ಮೇಲೆಯೇ ಉಳಿಯಿತು. ಹಾಗಾಗಿ ಕಾರಿನಿಂದ ತೆಗೆದ ಪ್ರತಿ ಮೊಲವೂ ಮಹಡಿಯಿಂದ ಬಗ್ಗಿ ನೋಡಿದ ಹಾಗೆ ಬರುತ್ತೆ. ಹಿನ್ನೆಲೆಯಲ್ಲಿ ಬರೀ ಹಸಿರು ಪೈರು, ಆಕಾಶದ ಗೆರೆಯೇ ಇಲ್ಲ. ಜತೆಗೆ ಹೀಟರ್ ಹಾಕಿದ್ದರೆ ಒಳಗಿನ ಬಿಸಿ ಗಾಳಿ ಕಿಟಕಿಯಲ್ಲಿ ಹೊರಗೆ ಹೋಗುವಾಗ ಲೆನ್ಸಿನ ಮುಂದೆಯೇ ನಡುಗುತ್ತೆ. ಲೆನ್ಸ್ ಸಾಫ್ಟ್ ಇದೆ, ಮಸುಕು ಬರುತ್ತೆ ಅಂತ ಸರ್ವಿಸಿಗೆ ಕಳಿಸಿ 80 ಪೌಂಡ್ ತೆತ್ತೆ. ಏನೂ ದೋಷ ಇಲ್ಲ ಅಂತ ವಾಪಸ್ ಬಂತು.

ಆಮೇಲೆ ಪಾಪ್-ಅಪ್ ಹೈಡ್, ಅದಕ್ಕೊಂದು 90 ಪೌಂಡ್. ಮಾರ್ಚ್‌ನಲ್ಲಿ ಪೂರ್ವದಿಂದ ಬರುವ ಗಾಳಿಗೆ ಫೆನ್ಸ್‌ನಲ್ಲಿ ಒಂದು ಮರವೂ ಅಡ್ಡ ಇಲ್ಲ. ಬಟ್ಟೆ ಪಟಪಟ ಬಡಿದುಕೊಳ್ಳುತ್ತಿದ್ದರೆ ಮೊಲ 200 ಮೀಟರ್ ದೂರದಿಂದಲೇ ಸುತ್ತು ಹಾಕಿಕೊಂಡು ಹೋಗುತ್ತೆ. ಕೊನೆಗೆ ಒಂದು ಬೆಳಗ್ಗೆ ಹೈಡೇ ಗೂಟ ಕಿತ್ತುಕೊಂಡು ಪಕ್ಕದ ಡೈಕಿನ (ನೀರು ಬಸಿಯುವ ಕಾಲುವೆಯ) ನೀರಿಗೆ ಹಾರಿತು. ತೆಗೆಯೋಕೆ ಹೋಗಲಿಲ್ಲ ಅಂತ ಬರೆದರೆ ರೈತರು ಬೈತಾರೆ. ತೆಗೆದೆ, ಸೊಂಟದವರೆಗೆ ನೆನೆದೆ.

ತೆವಳಿಕೊಂಡು ಹತ್ತಿರ ಹೋಗೋದು ಮೂರನೆಯದು. ಅದನ್ನು ಮಾಡಿ ನೋಡಿದವರಿಗೆ ಫಲಿತಾಂಶ ಗೊತ್ತು. ಗೂಡು ಅಂತ ನೆಲದಲ್ಲಿ ಮಾಡಿಕೊಂಡ ತಗ್ಗಿನಲ್ಲಿ ಮೊಲ ಕಿವಿ ಬೆನ್ನಿಗೆ ಅಂಟಿಸಿ ಮಲಗಿರುತ್ತೆ, ಹತ್ತು ಹೆಜ್ಜೆ ದೂರದವರೆಗೂ ಅಲ್ಲಾಡೋದಿಲ್ಲ, ಆಮೇಲೆ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ನಮಗೆ ಬೆನ್ನು ತೋರಿಸುತ್ತೆ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಮೊಲದ ಬಾಲದ್ದೇ ಒಂದು ಫೋಲ್ಡರ್ ಇದೆ. ದುಡ್ಡು ಕೊಟ್ಟು ಹೋಗುವ ಜಾಗಕ್ಕೂ ಒಮ್ಮೆ ಹೋಗಿಬಂದೆ, 120 ಪೌಂಡ್ ಚಿಲ್ಲರೆ. ಮೊಲ ಸಿಕ್ಕಿತು, ಬೆಳಕು ಸಿಗಲಿಲ್ಲ. ಪಕ್ಕದ ಮೂರು ಜನರಿಗೂ ಅದೇ ಫ್ರೇಮ್ ಸಿಕ್ಕಿತು.

ಆಗ ಮೈದನಹಳ್ಳಿಯ ಇನ್ನೊಂದು ಪಾಠ ನೆನಪಾಯಿತು. ಅಲ್ಲಿಯ ಒಬ್ಬ ಕುರಿ ಕಾಯುವ ಯಜಮಾನರು ಹೇಳುತ್ತಿದ್ದರು, "ಅದರ ಹಿಂದೆ ಓಡಬ್ಯಾಡ ಕಣಪ್ಪ, ಅದು ಬರೋ ದಾರೀಲಿ ಕೂತ್ಕೋ." ಮೊಲ ಬರೋ ದಾರಿ ಯಾವುದು? ಗೋಧಿ ಹೊಲದಲ್ಲಿ ಅದು ಟ್ರಾಮ್‌ಲೈನ್. ಸ್ಪ್ರೇಯರ್ ಟ್ರ್ಯಾಕ್ಟರಿನ ಚಕ್ರ ಹೋಗಲಿ ಅಂತ ಬಿತ್ತುವಾಗಲೇ ಖಾಲಿ ಬಿಟ್ಟ ಜೋಡಿ ಗೆರೆಗಳು, ಈ ಹೊಲದಲ್ಲಿ 24 ಮೀಟರಿಗೆ ಒಂದು ಜೋಡಿ. ಶರತ್ಕಾಲದಲ್ಲಿ ಬಿತ್ತಿದ ಗೋಧಿ ಮಾರ್ಚ್ ಹೊತ್ತಿಗೆ ಗೇಣುದ್ದ ಇರುತ್ತೆ, ಇಬ್ಬನಿಯಲ್ಲಿ ತೊಯ್ದು ತೊಪ್ಪೆ. ಮೊಲಕ್ಕೂ ಮೈ ನೆನೆಸಿಕೊಳ್ಳೋದು ಇಷ್ಟ ಇಲ್ಲ, ಒಣ ಗೆರೆ ಹಿಡಿದೇ ಬರುತ್ತೆ. ಒಂದು ಚಕ್ರದ ಜಾಡು ಒಬ್ಬ ಮನುಷ್ಯ ಕೈಕಾಲು ಕೂಡಿಸಿ ಮಲಗೋಕೆ ಸರಿಯಾಗಿ ಸಾಲುತ್ತೆ. ಪೈರಿನ ಒಂದು ಎಲೆಯೂ ತುಳಿಯೋದಿಲ್ಲ. ರೈತರು ಒಪ್ಪಿದ್ದೇ ಈ ಕಾರಣಕ್ಕೆ.

ರೈತರು ಒಪ್ಪಿದ ಕತೆ ಸ್ವಲ್ಪ ಹೇಳಲೇಬೇಕು. ಲೆನ್ಸಿಗಿಂತ ದೊಡ್ಡ ಸಾಮಾನು ಅದು. ಇಲ್ಲಿ ಫುಟ್‌ಪಾತ್ (ಹೊಲಗಳ ನಡುವಿನ ಸಾರ್ವಜನಿಕ ಕಾಲುದಾರಿ) ಬಿಟ್ಟು ಹೊಲಕ್ಕೆ ಇಳಿದರೆ ಅತಿಕ್ರಮಣ. ಅದಕ್ಕಿಂತ ಮುಖ್ಯ, ಪೂರ್ವ ಇಂಗ್ಲೆಂಡಿನ ರೈತರಿಗೆ ಹೇರ್ ಕೋರ್ಸಿಂಗ್ ಮಾಡುವವರ ಕಾಟ ಬಹಳ. ನಾಯಿ ಬಿಟ್ಟು ಮೊಲ ಅಟ್ಟಿಸಿ, ಅದರ ಮೇಲೆ ಬಾಜಿ ಕಟ್ಟೋರು. ಗೇಟು ಮುರಿದು ಪೈರಿನ ಮೇಲೇ ಗಾಡಿ ಓಡಿಸ್ತಾರೆ, ಕೇಳಿದರೆ ಹೊಡೆಯೋಕೆ ಬರ್ತಾರೆ. 2004ರ ಹಂಟಿಂಗ್ ಆಕ್ಟ್‌ನಿಂದ ಅದು ಅಪರಾಧ, 2022ರ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಜಾಸ್ತಿ ಮಾಡಿದ್ದಾರೆ, ಆದರೂ ನಿಂತಿಲ್ಲ. ಹೊಲದ ಬಾಯಿಗೆ ಕಾಂಕ್ರೀಟ್ ದಿಮ್ಮಿ ಇಟ್ಟಿರೋದು, ಸುತ್ತ ಕಂದಕ ತೋಡಿರೋದು ನೋಡಿರುತ್ತೀರಿ, ಅದೆಲ್ಲ ಇದಕ್ಕೇ. ಅಂಥ ಜಾಗದಲ್ಲಿ ಬೆಳಗಿನ ಜಾವ ಗೇಟ್ ಹತ್ತಿರ ಕಾರು ನಿಲ್ಲಿಸಿ ಬೈನಾಕ್ಯುಲರ್ ಹಿಡಿದ ಅಪರಿಚಿತನನ್ನು ಕಂಡರೆ ಯಾರಿಗೆ ತಾನೇ ಅನುಮಾನ ಬರೋದಿಲ್ಲ? ಅವರ ಪಿಕಪ್ ಬಂದು ನನ್ನ ಕಾರಿಗೆ ಅಡ್ಡ ನಿಂತಿತು. "ಏನ್ ಮೇಟ್, ದಾರಿ ತಪ್ಪಿದ್ಯಾ?" ದನಿಯಲ್ಲಿ ಸ್ನೇಹ ಇರಲಿಲ್ಲ. ಕ್ಯಾಮೆರಾದ ಹಿಂಬದಿಯಲ್ಲಿ ಅವರದೇ ಹೊಲದ ಮೊಲಗಳನ್ನು ತೋರಿಸಿದೆ. ಐದು ನಿಮಿಷ ನೋಡಿದರು. ಆಮೇಲೆ ನಾನೇ ನನ್ನ ಗಾಡಿ ನಂಬರು, ಫೋನ್ ನಂಬರು ಬರೆದುಕೊಟ್ಟೆ. ಬರುವ ಹಿಂದಿನ ರಾತ್ರಿ ಮೆಸೇಜ್ ಮಾಡ್ತೀನಿ, ನಾಯಿ ಇರೋ ಗಾಡಿ ಕಂಡರೆ ತಕ್ಷಣ ನಿಮಗೂ ಪೊಲೀಸರ ತುರ್ತು ನಂಬರ್ 999ಕ್ಕೂ ಫೋನ್ ಮಾಡ್ತೀನಿ ಅಂದೆ. ಆ ವಾರ ಉತ್ತರ ಬರಲಿಲ್ಲ. ಮುಂದಿನ ವಾರ "ಸರಿ, ಬಾ, ಟ್ರಾಮ್‌ಲೈನ್ ಬಿಟ್ಟು ಕಾಲಿಡಬೇಡ" ಅಂತ ಬಂತು. ಈಗ ಅವರ ಅಡುಗೆಮನೆ ಗೋಡೆಯಲ್ಲಿ ನನ್ನದೊಂದು ಎ3 ಪ್ರಿಂಟು ಇದೆ, ಕ್ರಿಸ್‌ಮಸ್ಸಿಗೆ ನಮ್ಮ ಮನೆ ಕೋಡುಬಳೆ ಹೋಗುತ್ತೆ. ಯಾವ ಹೊಲಕ್ಕೆ ಯಾವತ್ತು ಏನು ಸಿಂಪಡಿಸಿದ್ದಾರೆ ಅನ್ನೋದನ್ನೂ ಅವರೇ ತಿಳಿಸ್ತಾರೆ. ಹೊಸದಾಗಿ ಔಷಧಿ ಹೊಡೆದ ಹೊಲದಲ್ಲಿ ಮುಖ ಕೆಳಗೆ ಮಾಡಿ ಮಲಗೋ ಹುಚ್ಚು ಬೇಡ.

ಇನ್ನು ಸಾಮಾನು. ಬಾಡಿ ಹಳೆಯ ಕ್ಯಾನನ್ 7ಡಿ ಮಾರ್ಕ್ 2, ಸೆಕೆಂಡ್ ಹ್ಯಾಂಡ್, 350 ಪೌಂಡ್ ಇರಬಹುದು. ಲೆನ್ಸ್ ಸಿಗ್ಮಾ 150-600, ಅದೂ ಸೆಕೆಂಡ್ ಹ್ಯಾಂಡ್, 550ರ ಹತ್ತಿರ. ಕ್ಲಬ್ಬಿನವರು ನಕ್ಕಿದ್ದು ಮೂರನೆಯದಕ್ಕೆ: ಮನೆಯಲ್ಲಿ ಕೋಟಿಂಗ್ ಹೋದ ನಾನ್‌ಸ್ಟಿಕ್ ದೋಸೆ ತವಾ. ಹಿಡಿ ಕತ್ತರಿಸಿ, ಮಧ್ಯಕ್ಕೆ ತೂತು ಕೊರೆದು, 3/8 ಇಂಚಿನ ಬೋಲ್ಟ್ ಹಾಕಿ ಟ್ರೈಪಾಡ್ ಹೆಡ್ ಕೂರಿಸಿದೆ. ಇದೇ ಕೆಲಸಕ್ಕೆ ಅಂಗಡಿಯಲ್ಲಿ 70-80 ಪೌಂಡಿನ ಪಾಡ್ ಸಿಗುತ್ತೆ. ನಮ್ಮದು ಬೋಲ್ಟಿನ ಖರ್ಚಷ್ಟೇ, ಆಮೇಲೆ ಮನೆಯವರಿಗೆ ಹೊಸ ತವಾ ಕೊಡಿಸಿದ್ದು 25. ಪೀಟ್ ಮಣ್ಣಲ್ಲಿ ಟ್ರೈಪಾಡಿನ ಕಾಲು ಹೂತುಹೋಗುತ್ತೆ, ತವಾ ಜಾರುತ್ತೆ. ಮಲಗಿದಲ್ಲಿಂದಲೇ ಒಂದು ಬೆರಳಲ್ಲಿ ತಳ್ಳಬಹುದು. ಲೆನ್ಸು ನೆಲದಿಂದ ಗೇಣೆತ್ತರದಲ್ಲಿ ಇರುತ್ತೆ, ಮೊಲದ ಕಣ್ಣಿನ ಮಟ್ಟ. ಇದಕ್ಕೂ ಮುಂಚೆ ಲೆನ್ಸ್ ಆನಿಸುವ ಬೀನ್‌ಬ್ಯಾಗಿಗೆ ಸೋನಾ ಮಸೂರಿ ತುಂಬಿ ನೋಡಿದ್ದೆ. ಮಳೆ ಬಂತು, ಮೂರು ದಿನಕ್ಕೆ ಕಾರೆಲ್ಲ ಹುಳಿ ನಾತ. ಎಲ್ಲ ಸೇರಿ, ಹೈಡು ಸರ್ವಿಸಿನ ದಂಡ ಬಿಟ್ಟು, ಸಾವಿರ ಪೌಂಡು ದಾಟಿಲ್ಲ. ಬೆಂಗಳೂರಿನ ಗೆಳೆಯರು 600 ಎಫ್4 ತಗೋ ಅಂತ ಹೇಳುತ್ತಿದ್ದ ದುಡ್ಡಿಗೆ ನಾನು ಒಂದು ಕಾರು ತಗೋಬಹುದು.

ಕೆಲಸ ಹೀಗೆ: ಸೂರ್ಯ ಹುಟ್ಟೋಕೆ ಮುಕ್ಕಾಲು ಗಂಟೆ ಮೊದಲು ಟ್ರಾಮ್‌ಲೈನ್ ಹೊಲದ ಅಂಚಿಗೆ ಸೇರುವ ಜಾಗದಲ್ಲಿ ಮಲಗಬೇಕು. ಗಾಳಿ ಮುಖಕ್ಕೆ ಬೀಸಬೇಕು. ಗಾಳಿ ತಿರುಗಿದರೆ ಎದ್ದು ಮನೆಗೆ ಹೋಗಿ, ಹಟ ಬೇಡ. ಮೊಲಕ್ಕೆ ಅಕ್ಕಪಕ್ಕ, ಹಿಂದೆ ಎಲ್ಲ ಕಾಣುತ್ತೆ, ನೇರ ಮುಂದಿನದೇ ಸರಿಯಾಗಿ ಕಾಣೋದಿಲ್ಲ. ಗೆರೆ ಹಿಡಿದು ನೇರ ನಮ್ಮ ಕಡೆ ಬರುವ ಮೊಲ ಅಲುಗಾಡದ ಮನುಷ್ಯನ ತೀರಾ ಹತ್ತಿರ ಬಂದುಬಿಡುತ್ತೆ. ಒಮ್ಮೆ ಲೆನ್ಸಿನ ಕನಿಷ್ಠ ಫೋಕಸ್ ದೂರಕ್ಕಿಂತ ಒಳಗೆ ಬಂದು ಕೂತಿತ್ತು, ಅದರ ಮೀಸೆ ಅಲ್ಲಾಡೋದನ್ನು ಬರಿಗಣ್ಣಲ್ಲಿ ನೋಡಿದೆ. ಶಟರ್ ಶಬ್ದಕ್ಕೆ ಬೆಚ್ಚುತ್ತೆ ಅನ್ನೋರಿಗೆ: ದೂರ ಇರುವಾಗಲೇ ಒಂದೊಂದೇ ಕ್ಲಿಕ್ ಕೇಳಿಸಿ. ಕಿವಿ ತಿರುಗುತ್ತೆ, ಮತ್ತೆ ಮೇಯುತ್ತೆ. ನಾಲ್ಕನೇ ಕ್ಲಿಕ್ಕಿಗೆ ಕಿವಿಯೂ ತಿರುಗೋದಿಲ್ಲ. ಆಮೇಲೆ ಬರ್ಸ್ಟ್ (ಒಂದರ ಹಿಂದೊಂದು ಸರಸರನೆ ಕ್ಲಿಕ್) ಹೊಡೆಯಿರಿ.

ಹೊಡೆದಾಟ ಎರಡು ಗಂಡಿನ ನಡುವೆ ಅಂತ ಇನ್ನೂ ನಂಬಿಕೊಂಡವರಿದ್ದಾರೆ. ಸಾಮಾನ್ಯವಾಗಿ ಅದು ಹೆಣ್ಣು, ಬೆನ್ನು ಬಿದ್ದ ಗಂಡಿಗೆ ಕಪಾಳಕ್ಕೆ ಬಾರಿಸೋದು. ಹಾಗಾಗಿ ಗುಂಪಿನಲ್ಲಿ ಹೆಣ್ಣು ಯಾವುದು ಅಂತ ಗುರುತಿಸಿ ಅದರ ಮೇಲೇ ಫೋಕಸ್ ಇಡಬೇಕು. ಒಂದು ಗಂಡು ಅದರ ಪಕ್ಕದಲ್ಲೇ ಕಾವಲಿಗೆ ಕೂತಿರುತ್ತೆ, ಬೇರೆಯವು ಸುತ್ತ ಸುಳಿಯುತ್ತಿರುತ್ತವೆ. ಹೆಣ್ಣು ಏಳೋಕೆ ಒಂದು ಕ್ಷಣ ಮೊದಲು ಒಂದು ಸೂಚನೆ ಕೊಡುತ್ತೆ. ಕಿವಿ ಅಂತ ಎಲ್ಲರೂ ಬರೆದಿದ್ದಾರೆ, ನಾನು ನೋಡೋದು ಕಿವಿಯಲ್ಲ. ಅದೇನು ಅಂತ ಇಲ್ಲಿ ಬರೆಯೋದಿಲ್ಲ, ನೀವೂ ಸ್ವಲ್ಪ ಚಳಿಯಲ್ಲಿ ಮಲಗಿ.

ಸೆಟ್ಟಿಂಗ್: ಶಟರ್ ವೇಗ 1/2500 ಸೆಕೆಂಡ್ ಸಿಕ್ಕರೆ ಒಳ್ಳೆಯದು, 1/1600ಕ್ಕಿಂತ ಕೆಳಗೆ ಬೇಡ. ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200ರವರೆಗೆ ಹೋಗಲಿ, ಚಿತ್ರದಲ್ಲಿ ಕಾಳುಕಾಳಾಗಿ ಬರುವ ನಾಯ್ಸ್ ಆಮೇಲೆ ನೋಡಿಕೊಳ್ಳೋಣ. 600ಕ್ಕೆ ಜೂಮ್ ಮಾಡಲೇಬೇಡಿ. 30 ಮೀಟರ್ ದೂರದಲ್ಲಿ 600ಕ್ಕೆ ಎರಡಡಿ ಆಳ ಶಾರ್ಪ್ ಬಂದರೆ ಹೆಚ್ಚು, ಒಂದು ಮೊಲ ಶಾರ್ಪ್ ಇದ್ದರೆ ಇನ್ನೊಂದು ಮಸುಕು. 400ರಲ್ಲಿ ಅದರ ಎರಡರಷ್ಟು ಸಿಗುತ್ತೆ, ಮೇಲೆ ಹಾರಿದಾಗ ಕಿವಿಯೂ ಕತ್ತರಿಸಿಹೋಗೋದಿಲ್ಲ. ಕ್ಲಬ್ಬಿನ ಪ್ರೈಮ್ ಲೆನ್ಸಿನವರ ಮುಂದೆ ನಾನು ಗೆದ್ದದ್ದು ಇಲ್ಲೇ ಅಂತ ನನ್ನ ನಂಬಿಕೆ. ಬಿಸಿಲೇರಿ ಎರಡು ತಾಸು ಕಳೆದರೆ ಕಪ್ಪು ಮಣ್ಣಿನಿಂದ ಹಬೆ ಏಳುತ್ತೆ, ನೆಲಮಟ್ಟದಲ್ಲಿ ಇನ್ನೂ ಜಾಸ್ತಿ. ಎದ್ದು ಆಫೀಸಿಗೆ ಹೋಗಿ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋದಮೇಲೆ ಬೆಳಗಿನ ಲೆಕ್ಕ ಕೆಡುತ್ತೆ, ಸೂರ್ಯ ಬರೋದೇ ಆರೂವರೆ ಮೇಲೆ. ಆಗ ಸಂಜೆಗೆ ಬದಲಾಯಿಸಿಕೊಂಡೆ, ಏಳು ಗಂಟೆಯವರೆಗೂ ಬೆಳಕು. ಕ್ಲಬ್ಬಿನಲ್ಲಿ ತೋರಿಸಿದ ಫ್ರೇಮ್ ಸಂಜೆಯದೇ.

ನಡುವೆ ಕೆಲವು ಹುಚ್ಚಾಟ. ನನ್ನ ಜಾಕೆಟ್ ದೇವರ ಮನೆ ಪಕ್ಕ ನೇತಾಡುತ್ತಿತ್ತು, ಊದಿನಕಡ್ಡಿ ಮತ್ತು ಒಗ್ಗರಣೆ ಎರಡೂ ವಾಸನೆ. ಮೊಲಕ್ಕೆ ಇದರಿಂದ ವ್ಯತ್ಯಾಸ ಆಗುತ್ತಾ ಅಂತ ಒಂದು ವಾರ ಜಾಕೆಟ್ಟನ್ನು ಗ್ಯಾರೇಜಿನಲ್ಲಿ ಒಣಹುಲ್ಲಿನ ಜತೆ ಇಟ್ಟು ನೋಡಿದೆ. ಗಾಳಿ ಸರಿ ಇದ್ದರೆ ಇಂಗಿನ ಒಗ್ಗರಣೆಗೂ ಮೊಲ ತಲೆ ಕೆಡಿಸಿಕೊಳ್ಳೋದಿಲ್ಲ, ಗಾಳಿ ತಪ್ಪಿದರೆ ಹುಲ್ಲಿನ ವಾಸನೆಯೂ ಕಾಪಾಡೋದಿಲ್ಲ. ಪೊದೆಬೇಲಿಯ ಸಂದಿಯಲ್ಲಿ, ಎದುರು ಏನಾದರೂ ಅಲ್ಲಾಡಿದರೆ ತಾನೇ ಕ್ಲಿಕ್ ಮಾಡುವ ಟ್ರೇಲ್ ಕ್ಯಾಮೆರಾ ಕಟ್ಟಿದ್ದೆ, 60 ಪೌಂಡು. ಸಾವಿರಾರು ಫೋಟೊ ಬಂತು, ಮುಕ್ಕಾಲು ಪಾಲು ಗಾಳಿಗೆ ಅಲ್ಲಾಡಿದ ಹುಲ್ಲು, ಉಳಿದದ್ದು ಫೆಸೆಂಟ್ ಕೋಳಿ. ಆದರೆ ಯಾವ ಸಂದಿಯಿಂದ ಮೊಲ ಹೊಲಕ್ಕೆ ಇಳಿಯುತ್ತೆ ಅನ್ನೋದು ಗೊತ್ತಾಯಿತು, ಯಾವ ಟ್ರಾಮ್‌ಲೈನ್ ಆರಿಸಬೇಕು ಅನ್ನೋದಕ್ಕೆ ಅರ್ಧ ಉತ್ತರ ಅದು. ಇನ್ನರ್ಧ ನನ್ನ ಹತ್ತಿರ ಇರಲಿ. ಕೈ ಹಿಂಬದಿ ಚೀಪಿ ಕೀಚ್ ಕೀಚ್ ಅನ್ನಿಸಿ ಪ್ರಾಣಿ ಕರೆಯೋ ಉಪಾಯ ಕೆಲವರು ಹೇಳ್ತಾರೆ. ಮರಿ ಹಾಕುವ ಕಾಲದಲ್ಲಿ ಅದು ನನಗೆ ಸರಿ ಕಾಣೋದಿಲ್ಲ. ಹಾಗೆಯೇ ಪೈರಿನಲ್ಲಿ ಒಂಟಿ ಮರಿ ಕಂಡರೆ ಮುಟ್ಟಬೇಡಿ. ತಾಯಿ ಬಿಟ್ಟುಹೋಗಿಲ್ಲ, ಹಾಲೂಡಿಸೋಕೆ ದಿನಕ್ಕೊಮ್ಮೆ, ಹೊತ್ತು ಮುಳುಗಿದ ಮೇಲೆ ಬರೋದು ಅದರ ಪದ್ಧತಿ.

ಸುಮ್ಮನೆ ಮಲಗಿದ್ದಕ್ಕೆ ಸಿಕ್ಕ ಬೋನಸ್ಸೂ ಇದೆ: ಡೈಕ್ ಉದ್ದಕ್ಕೂ ತಗ್ಗಿನಲ್ಲಿ ಹಾರುತ್ತ ಬಂದ ಕಣಜ ಗೂಬೆ, ತಲೆ ಮೇಲೆ ಪಲ್ಟಿ ಹೊಡೆಯುವ ಲ್ಯಾಪ್‌ವಿಂಗ್, ಬೆಳಗಿಡೀ ನಿಲ್ಲಿಸದೆ ಹಾಡುವ ಸ್ಕೈಲಾರ್ಕ್. ಸ್ಕೈಲಾರ್ಕ್‌ನ ಒಳ್ಳೆಯ ಫೋಟೊ ಇನ್ನೂ ಒಂದೂ ಇಲ್ಲ, ಅದು ಬೇರೆ ಮಾತು.

ಗೋಧಿಯ ಆಟ ಏಪ್ರಿಲ್ ಮೂರನೇ ವಾರಕ್ಕೆ ಮುಗಿಯುತ್ತೆ, ಪೈರು ಮೊಣಕಾಲಿಗೆ ಬಂದರೆ ಮೊಲದ ಕಿವಿ ತುದಿ ಮಾತ್ರ. ಆಗ ಶುಗರ್ ಬೀಟ್ ಹೊಲಕ್ಕೆ ಹೋಗಬೇಕು. ಅದನ್ನು ಬಿತ್ತೋದೇ ಮಾರ್ಚ್-ಏಪ್ರಿಲ್‌ನಲ್ಲಿ, ಮೇ ತಿಂಗಳಲ್ಲೂ ನೆಲ ಬಹುಪಾಲು ಬಯಲು, ಮೊಲಗಳ ಓಡಾಟವಂತೂ ಬೇಸಿಗೆಯಿಡೀ ಇರುತ್ತೆ. ಆದರೆ ಮರೆಗೆ ಪೈರೇ ಇಲ್ಲದ ಕಪ್ಪು ನೆಲದಲ್ಲಿ ಮಲಗಿದರೆ ನಾನೇ ಎದ್ದು ಕಾಣುತ್ತೇನೆ. ಈ ವರ್ಷ ಕಪ್ಪು ಗೋಣಿತಾಟು ಹೊದ್ದು ನೋಡಿದೆ, ಹತ್ತಿರದ್ದು ಅಂದರೆ 60 ಮೀಟರ್. ಮುಂದಿನ ಮೇನಲ್ಲಿ ಅದನ್ನು 30ಕ್ಕೆ ಇಳಿಸಬೇಕು.