ಪಾಪ್ ತಾರೆಗೆ ಅಷ್ಟು ಹೆಸರು ಸಲ್ಲಬೇಕಾ? ಒಂದು ಹಾಡು ಹಿಡಿದು ನೋಡುವ ಬಗೆ

ಮೈಕೆಲ್ ಜಾಕ್ಸನ್‌ಗೆ ಅಷ್ಟು ಹೆಸರು ಬಂದದ್ದು ನ್ಯಾಯವಾ? ಅವರಷ್ಟೇ ಸಂಗೀತ ಬಲ್ಲವರು, ಅವರಿಗಿಂತ ಜಾಸ್ತಿ ಬಲ್ಲವರು ಯಾರಿಗೂ ಗೊತ್ತಾಗದೆ ಹೋಗಿಬಿಟ್ಟರಲ್ಲ, ಅವರ ಕಥೆ ಏನು? ಸಂಗೀತದವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಒಬ್ಬರು "ಅವರು ದೇವರು" ಅನ್ನುತ್ತಾರೆ. ಇನ್ನೊಬ್ಬರು "ಎಲ್ಲಾ ಪ್ರಚಾರದ ಮಹಿಮೆ" ಅನ್ನುತ್ತಾರೆ. ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆ, ಮಾತು ಮಾತ್ರ ನಿಂತಲ್ಲೇ ನಿಂತಿರುತ್ತದೆ.

ನಾನು ಮೈಸೂರು, ಮಂಡ್ಯ, ಹಾಸನದ ಕಡೆ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ (ಹಾಡಿನ ಅಡಿಯಲ್ಲಿ ತಗ್ಗಿನ, ದಪ್ಪ ಸ್ವರ ಕೊಡುವ ಗಿಟಾರ್) ನುಡಿಸುತ್ತೇನೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಎಲ್ಲಾ ಕಡೆ ಹಿಂದಿನ ಸಾಲೇ ನನ್ನ ಜಾಗ. ಹಾಗಾಗಿ ನಾನು ಯಾರ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಹಿಂದೆ ನಿಂತವರ ಕಡೆ. ಆದರೂ ಮುಂದೆ ನಿಂತವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಇದನ್ನು ಅಳೆದು ನೋಡುವುದಕ್ಕೆ ಒಂದು ಬಗೆ ಇದೆ. ನನ್ನ ಹತ್ತಿರ ಗಿಟಾರ್ ಕಲಿಯಲು ಬರುವ ಹುಡುಗರಿಗೂ ಇದನ್ನೇ ಮಾಡಿಸುತ್ತೇನೆ.

ಒಂದೇ ಹಾಡು ತೆಗೆದುಕೊಳ್ಳಿ

ಇಡೀ ತಾರೆಯನ್ನು ಒಟ್ಟಿಗೆ ತೂಗಲು ಹೋಗಬೇಡಿ. ಆಗ ಅವರ ಬಟ್ಟೆ, ಮದುವೆ, ಕೋರ್ಟು ಕೇಸು ಎಲ್ಲಾ ತಕ್ಕಡಿಗೆ ಬಂದು ಕೂರುತ್ತವೆ. ನಿಮಗೆ ಬಾಯಿಪಾಠ ಬರುವಷ್ಟು ಕೇಳಿದ ಒಂದು ಹಾಡು ಆರಿಸಿ. ಇಯರ್‌ಫೋನ್ ಹಾಕಿಕೊಂಡು ನಾಲ್ಕು ಸಲ ಕೇಳಿ. ಮೊದಲ ಸಲ ಹಾಡುವ ದನಿಯನ್ನು ಬಿಟ್ಟು ಉಳಿದದ್ದನ್ನು ಕೇಳಿ. ಎರಡನೇ ಸಲ ಬೇಸ್ ಮಾತ್ರ. ಮೂರನೇ ಸಲ ಹಿಂದಿನ ಕೋರಸ್ ದನಿಗಳು. ಕೊನೆಗೆ ಮುಖ್ಯ ಗಾಯಕರನ್ನು ಮಾತ್ರ.

ನಾನು ಹುಡುಗರಿಗೆ ಮೊದಲು ಕೊಡುವುದು ದಿ ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್'. ಅಮೆರಿಕದ ಡೆಟ್ರಾಯ್ಟ್ ನಗರದ ಮೋಟೌನ್ ರೆಕಾರ್ಡ್ ಕಂಪನಿ 1964ರ ಡಿಸೆಂಬರಿನಲ್ಲಿ ಬಿಟ್ಟ ಹಾಡು. ಮುಂದಿನ ವರ್ಷ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಶುರುವಿನಲ್ಲಿ ಬೇಸ್ ಒಂದೇ ಇರುತ್ತದೆ. ಅವಸರವಿಲ್ಲದ ಸಣ್ಣ ಬಡಿತ, ಮಧ್ಯೆ ಬೇಕಾದಷ್ಟು ಜಾಗ. ಅದರ ಮೇಲೆ ಗಿಟಾರ್ ಆರು ಸ್ವರ ಹತ್ತಿಕೊಂಡು ಬರುತ್ತದೆ: ಸ ರಿ ಗ ಪ ದ ಸ. ಹೌದು, ನಮ್ಮ ಮೋಹನ ರಾಗದ ಆರೋಹಣವೇ! ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮಧ್ಯಮಕ್ಕೆ ಹೋದಾಗ ಅದೇ ಆರು ಹೆಜ್ಜೆಯನ್ನು ಅಲ್ಲಿಂದ ಹತ್ತುತ್ತಾರೆ. ಅಷ್ಟೇ. ಹಾಡುವವರು ಇನ್ನೂ ಬಾಯಿ ತೆರೆದಿಲ್ಲ, ಹಾಡು ಯಾವುದು ಅಂತ ಆಗಲೇ ಗೊತ್ತಾಗಿ ಹೋಗಿರುತ್ತದೆ.

ಈಗ ಮನೆಯಲ್ಲಿ ಯಾರಿಗಾದರೂ ಈ ಹಾಡು ಗುನುಗಲು ಹೇಳಿ. ಜಾಸ್ತಿ ಜನ ಶುರು ಮಾಡುವುದು ಆ ಗಿಟಾರಿನ ಸಾಲಿನಿಂದಲೇ. ಅದನ್ನು ನುಡಿಸಿದವರು ರಾಬರ್ಟ್ ವೈಟ್. ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಹಾಡು ಬರೆದವರ ಜಾಗದಲ್ಲಿ ಇರುವ ಹೆಸರುಗಳು ಸ್ಮೋಕಿ ರಾಬಿನ್ಸನ್ ಮತ್ತು ರೊನಾಲ್ಡ್ ವೈಟ್. ಸರ್‌ನೇಮ್ ಒಂದೇ ಆದರೂ ಈ ರೊನಾಲ್ಡ್ ಬೇರೆ, ಗಿಟಾರಿನ ರಾಬರ್ಟ್ ಬೇರೆ. ಹಾಡು ಬರೆದವರಿಗೆ ರಾಯಲ್ಟಿ, ಅಂದರೆ ಹಾಡಿನ ಗಳಿಕೆಯಲ್ಲಿ ಪಾಲು, ಬರುತ್ತಲೇ ಇರುತ್ತದೆ. ನುಡಿಸಿದವರಿಗೆ ಆವತ್ತಿನ ಕೂಲಿ ಕೊಟ್ಟರೆ ಲೆಕ್ಕ ಮುಗಿಯಿತು.

ಹೆಸರುಗಳನ್ನು ಹುಡುಕಿ

ಕೇಳಿದ್ದಾಯಿತು. ಈಗ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಬರೆದವರು ಯಾರು, ನುಡಿಸಿದವರು ಹಾಡಿದವರು ಯಾರು, ಕವರ್ ಮೇಲೆ ಇರುವ ಹೆಸರು ಯಾರದ್ದು. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಕ್ರೆಡಿಟ್ಸ್, ಅಂದರೆ ಕೆಲಸ ಮಾಡಿದವರ ಹೆಸರಿನ ಪಟ್ಟಿ, ಸಿಗುತ್ತದೆ. ಅಲ್ಲಿ ನುಡಿಸಿದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಡಿಸ್ಕಾಗ್ಸ್ ಅನ್ನುವ ತಾಣದಲ್ಲಿ ಹಳೆಯ ರೆಕಾರ್ಡುಗಳ ಕವರ್ ಫೋಟೋಗಳೇ ಇವೆ, ಹಿಂಬದಿಯನ್ನು ಓದಿ. ಹಿಂಬದಿಯಲ್ಲೂ ಹೆಸರಿಲ್ಲ ಅಂದರೆ ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಮೋಟೌನ್ ವಿಷಯದಲ್ಲಿ ಹೀಗೇ ಆಯಿತು. ಜೇಮರ್ಸನ್ ಮತ್ತು ಅವರ ಜೊತೆಗಾರರಿಗೆ ಫಂಕ್ ಬ್ರದರ್ಸ್ ಅಂತ ಹೆಸರು. 1960ರ ದಶಕದ ಉದ್ದಕ್ಕೂ ಒಂದು ಮನೆಯ ಒಳಗಿನ ಸಣ್ಣ ಸ್ಟುಡಿಯೋದಲ್ಲಿ ಕೂತು ಆ ಕಂಪನಿಯ ಹಿಟ್ ಹಾಡುಗಳಿಗೆ ನುಡಿಸಿದರು. ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ಆ ಬೆರಳಿಗೆ 'ಹುಕ್' ಅಂತ ಅಡ್ಡಹೆಸರೇ ಇತ್ತು. ನಾವೆಲ್ಲ ಎರಡು ಬೆರಳಲ್ಲಿ ಮೀಟಿಯೂ ಆ ಓಟ ಹಿಡಿಯಲು ಒದ್ದಾಡುತ್ತೇವೆ. 1971ರಲ್ಲಿ ಮೋಟೌನ್‌ನ ಗಾಯಕ ಮಾರ್ವಿನ್ ಗೇ ತಮ್ಮ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನ ಕವರ್ ಮೇಲೆ ವಾದ್ಯದವರ ಹೆಸರು ಹಾಕಿಸುವವರೆಗೂ ಕೇಳುಗರಿಗೆ ಇವರು ಯಾರು ಅಂತ ಗೊತ್ತಿರಲಿಲ್ಲ.

1983ರ ಮಾರ್ಚ್ 25ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಮೋಟೌನ್ 25 ವರ್ಷದ ಕಾರ್ಯಕ್ರಮ ನಡೆಯಿತು. ಮೈಕೆಲ್ ಜಾಕ್ಸನ್ 'ಬಿಲ್ಲೀ ಜೀನ್' ಹಾಡಿಗೆ ಮೂನ್‌ವಾಕ್ (ಮುಂದೆ ನಡೆದ ಹಾಗೆ ಕಾಣುತ್ತಾ ಹಿಂದಕ್ಕೆ ಜಾರುವ ಕುಣಿತ) ಮಾಡಿ ತೋರಿಸಿದ್ದು ಅದೇ ರಾತ್ರಿ. ಜೇಮರ್ಸನ್ ಅಲ್ಲಿಗೆ ತಾವೇ ಟಿಕೆಟ್ ಕೊಂಡು ಹೋಗಿ ಪ್ರೇಕ್ಷಕರ ಜೊತೆ ಕೂತಿದ್ದರು ಅಂತ ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. 47 ವರ್ಷ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ತಾರೆ ಏನು ಮಾಡಿದರು ಅಂತಲೂ ಕೇಳಿ

ಇಲ್ಲಿಗೆ ನಿಲ್ಲಿಸಿ ತೀರ್ಪು ಕೊಟ್ಟರೆ ಅನ್ಯಾಯ. ಅದೇ 'ಬಿಲ್ಲೀ ಜೀನ್' ತೆಗೆದುಕೊಳ್ಳಿ. ಬೇಸ್ ನುಡಿಸಿದವರು ಲೂಯಿಸ್ ಜಾನ್ಸನ್, ಡ್ರಮ್ಸ್ ಎನ್‌ಡುಗು ಚಾನ್ಸ್‌ಲರ್. ಆದರೆ ಆ ಬೇಸ್ ಸಾಲು ಹುಟ್ಟಿದ್ದು ಜಾಕ್ಸನ್ ತಲೆಯಲ್ಲಿ. ಹಾಡು ಬರೆದವರೂ ಅವರೇ. ನಿರ್ಮಾಪಕ ಕ್ವಿನ್ಸಿ ಜೋನ್ಸ್‌ಗೆ ಶುರುವಿನ ವಾದ್ಯದ ಭಾಗ ತುಂಬಾ ಉದ್ದವಾಯಿತು ಅನ್ನಿಸಿತ್ತು, ಕಡಿಮೆ ಮಾಡೋಣ ಅಂದರು. ಜಾಕ್ಸನ್ ಒಪ್ಪಲಿಲ್ಲ. ಇವತ್ತು ನಾವು ಸ್ಟೇಜಿನಲ್ಲಿ ಆ ಹಾಡು ಎತ್ತಿಕೊಂಡರೆ ಡ್ರಮ್ಸಿನ ಮೊದಲ ಎರಡು ಏಟಿಗೇ ಶಿಳ್ಳೆ ಬೀಳುತ್ತದೆ. ಅಂದರೆ ಅವರ ಕಿವಿ ಸರಿಯಾಗಿತ್ತು. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಹಟ ಹಿಡಿದು ಕೂರುವುದೂ ಸಂಗೀತದ ಕೆಲಸವೇ. ಈ ಹಾಡಿನ ಮಟ್ಟಿಗೆ ನಾನು ಜಾಕ್ಸನ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಅಮೆರಿಕದ ಇನ್ನೊಬ್ಬ ಪಾಪ್ ತಾರೆ ಪ್ರಿನ್ಸ್ ವಿಷಯ ಅಂತೂ ಇನ್ನೂ ಸುಲಭ. 1978ರ ಮೊದಲ ಆಲ್ಬಮ್ಮಿನಲ್ಲಿ ವಾದ್ಯಗಳನ್ನೆಲ್ಲ ತಾವೊಬ್ಬರೇ ನುಡಿಸಿದ್ದಾರೆ. ಅಲ್ಲಿ ವಾದಕ್ಕೆ ಜಾಗವೇ ಇಲ್ಲ.

ಮುಂದೆ ನಿಲ್ಲುವುದೇ ಒಂದು ವಿದ್ಯೆ, ಇದನ್ನು ವಾದ್ಯದವರು ಮರೆಯಬಾರದು. ಮೈಕ್ ಕೈಕೊಟ್ಟರೂ, ಮಳೆ ಬಂದು ಜನ ಎದ್ದರೂ ಅವರನ್ನು ಮತ್ತೆ ಕೂರಿಸುವುದು ಹಾಡುವವರ ಕೆಲಸ. ನನ್ನ ಬೇಸಿನಿಂದ ಅದು ಆಗುವುದಿಲ್ಲ. 'ಮೈ ಗರ್ಲ್' ಹಾಡಿನಲ್ಲೂ ಗಿಟಾರ್ ಆದಮೇಲೆ ಡೇವಿಡ್ ರಫಿನ್ ಅವರ ಒರಟು ದನಿ ಬರದಿದ್ದರೆ ಅದು ಬರೀ ಒಳ್ಳೆಯ ಆರಂಭವಾಗಿ ಉಳಿಯುತ್ತಿತ್ತು.

ದನಿ ಒಬ್ಬರದು, ಹೆಸರು ಇನ್ನೊಬ್ಬರದಾ?

ಕೆಲವು ಹಾಡುಗಳಲ್ಲಿ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದ 'ಹಿ ಈಸ್ ಎ ರೆಬೆಲ್' ಮೇಲೆ ಇರುವ ಹೆಸರು ದಿ ಕ್ರಿಸ್ಟಲ್ಸ್. ಹಾಡಿದವರು ಡಾರ್ಲೀನ್ ಲವ್. ಕ್ರಿಸ್ಟಲ್ಸ್ ಹುಡುಗಿಯರು ಇದ್ದದ್ದು ನ್ಯೂಯಾರ್ಕಿನಲ್ಲಿ. ನಿರ್ಮಾಪಕ ಫಿಲ್ ಸ್ಪೆಕ್ಟರ್‌ಗೆ ಅವಸರ, ಲಾಸ್ ಏಂಜಲಿಸ್‌ನಲ್ಲಿ ಕೈಗೆ ಸಿಕ್ಕ ಗಾಯಕಿಯರಿಂದ ಹಾಡಿಸಿ ಮುಗಿಸಿದರು. ಆಮೇಲೆ ಕ್ರಿಸ್ಟಲ್ಸ್ ತಮ್ಮದೇ ಹೆಸರಿನ ಹಾಡನ್ನು ಕಲಿತು ಸ್ಟೇಜಿನಲ್ಲಿ ಹಾಡಬೇಕಾಯಿತು! ಆ ಹುಡುಗಿಯರದೂ ತಪ್ಪಲ್ಲ, ನೋಡಿ. ಡಾರ್ಲೀನ್ ಲವ್ ಒಂದು ಕಾಲದಲ್ಲಿ ಹೊಟ್ಟೆಪಾಡಿಗೆ ಬೇರೆಯವರ ಮನೆ ಶುಚಿ ಮಾಡುವ ಕೆಲಸಕ್ಕೂ ಹೋಗಿದ್ದಾರೆ. 2011ರಲ್ಲಿ, ದೊಡ್ಡ ಸಂಗೀತಗಾರರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಇಂಗ್ಲೆಂಡಿನ ಗಾಯಕಿ ಕ್ಲೇರ್ ಟೋರಿ ಸುಮ್ಮನಿರಲಿಲ್ಲ. ಅಲ್ಲಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಮ್ಮಿನ ಒಂದು ಹಾಡಿಗೆ ಅವರು ಮಾತೇ ಇಲ್ಲದೆ, ನಮ್ಮ ಆಲಾಪದ ಹಾಗೆ, ಸ್ಥಳದಲ್ಲೇ ಕಟ್ಟಿ ಹಾಡಿದರು. ಕೈಗೆ ಬಂದದ್ದು 30 ಪೌಂಡ್. 2004ರಲ್ಲಿ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು. ಈಗ ಆ ಹಾಡಿನ ರಚನೆಯಲ್ಲಿ ತಂಡದ ರಿಚರ್ಡ್ ರೈಟ್ ಜೊತೆ ಅವರ ಹೆಸರೂ ಇದೆ.

ಅದೃಷ್ಟದ ಪಾಲು ಕಳೆಯಿರಿ

ಇಷ್ಟಾದರೂ ಒಂದು ಉಳಿಯುತ್ತದೆ. ಇಬ್ಬರೂ ಸಮ ಬಲ್ಲವರು, ಒಬ್ಬರ ಹಾಡು ಊರೆಲ್ಲಾ ಓಡಿತು, ಇನ್ನೊಬ್ಬರದು ಓಡಲಿಲ್ಲ. ಯಾಕೆ? ಇದಕ್ಕೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮೂವರು ಸಂಶೋಧಕರು, ಸ್ಯಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್, ಒಂದು ಪರೀಕ್ಷೆ ಮಾಡಿದರು. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡು, ಕೇಳುಗರು 14 ಸಾವಿರಕ್ಕೂ ಜಾಸ್ತಿ. ಒಂದು ಗುಂಪಿನವರು ಸುಮ್ನೆ ಕೇಳಿ, ಇಷ್ಟವಾದದ್ದನ್ನು ಇಳಿಸಿಕೊಂಡರು (ಡೌನ್‌ಲೋಡ್ ಮಾಡಿಕೊಂಡರು). ಉಳಿದವರನ್ನು ಎಂಟು ಬೇರೆ ಬೇರೆ ಲೋಕಗಳಿಗೆ, ಅಂದರೆ ಒಂದರ ಲೆಕ್ಕ ಇನ್ನೊಂದಕ್ಕೆ ಕಾಣದ ಗುಂಪುಗಳಿಗೆ, ಹಂಚಿದರು. ಅಲ್ಲಿ ಪ್ರತಿ ಹಾಡಿನ ಪಕ್ಕ, ತಮ್ಮ ಲೋಕದವರು ಎಷ್ಟು ಜನ ಅದನ್ನು ಇಳಿಸಿಕೊಂಡರು ಅನ್ನುವ ಲೆಕ್ಕ ಕಾಣುತ್ತಿತ್ತು.

ಲೆಕ್ಕ ಕಂಡ ಕಡೆ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು. ಯಾವ ಹಾಡು ಗೆಲ್ಲುತ್ತದೆ ಅನ್ನುವುದು ಮಾತ್ರ ಲೋಕದಿಂದ ಲೋಕಕ್ಕೆ ಬದಲಾಯಿತು. ತುಂಬಾ ಚೆನ್ನಾಗಿದ್ದ ಹಾಡುಗಳು, ಅಂದರೆ ಲೆಕ್ಕ ನೋಡದೆ ಕೇಳಿದ ಗುಂಪು ಮೆಚ್ಚಿದವು, ತೀರಾ ಕೆಳಗೆ ಬಿದ್ದದ್ದು ಕಡಿಮೆ. ಕೆಟ್ಟ ಹಾಡುಗಳು ಮೇಲೆ ಬಂದದ್ದೂ ಕಡಿಮೆ. ಮಧ್ಯದಲ್ಲಿದ್ದವುಗಳಿಗೆ ಏನು ಬೇಕಾದರೂ ಆಗಬಹುದಿತ್ತು. ಮೊದಮೊದಲು ನಾಲ್ಕು ಜನ ಯಾವುದನ್ನು ಒತ್ತಿದರೋ ಅದೇ ಬೆಳೆಯಿತು.

ಹಾಗಾಗಿ ನಿಮ್ಮ ಹಾಳೆಯಲ್ಲಿ ಕೊನೆಯ ಪ್ರಶ್ನೆ ಇದಾಗಿರಲಿ: ಈ ಹಾಡನ್ನು ನಾನು ಮೊದಲು ಕೇಳಿದ್ದು ಹೇಗೆ? ಯಾರೋ ಹಾಕಿದ್ದಕ್ಕಾ, ಪಟ್ಟಿಯ ಮೇಲುಗಡೆ ಇದ್ದದ್ದಕ್ಕಾ? ಉತ್ತರ ಹೌದು ಅಂತಾದರೆ ತಾರೆಯ ಗೆಲುವಿನಲ್ಲಿ ಅಷ್ಟು ಭಾಗ ಅವರ ಕೈಯದಲ್ಲ. ಅದಕ್ಕೆ ಅವರನ್ನು ಬೈಯುವುದೂ ಬೇಡ. ಹೊಗಳುವಾಗ ಅಷ್ಟು ಬಿಟ್ಟು ಹೊಗಳಿ, ಸಾಕು.

ಹಾಳೆ ತುಂಬಿದ ಮೇಲೆ

ನನ್ನ ಅನುಭವದಲ್ಲಿ ಹಾಳೆ ಹೇಳುವುದು ಹೆಚ್ಚುಕಡಿಮೆ ಒಂದೇ. ತಾರೆಗೆ ಚಪ್ಪಾಳೆ ಸಲ್ಲಬೇಕು. ಆ ಚಪ್ಪಾಳೆಯ ಜೊತೆ ಬಂದ ಹೆಸರು, ದುಡ್ಡು ಪೂರ್ತಿ ಅವರಿಗೇ ಸೇರಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗಾದರೆ ಕೇಳುವವರು ಮಾಡಬೇಕಾದ್ದೇನು?

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ. ಸ್ಪಾಟಿಫೈನಂಥ ಕಡೆ ನಿಮ್ಮ ಚಂದಾ ಹಣ ನೀವು ಕೇಳಿದವರಿಗೇ ನೇರವಾಗಿ ಹೋಗುವುದಿಲ್ಲ. ಎಲ್ಲರ ಹಣವೂ ಒಂದು ಕಡೆ ಸೇರಿ, ಒಟ್ಟು ಕೇಳಿದ್ದರಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುತ್ತದೆ. ನೀವು ತಿಂಗಳೆಲ್ಲಾ ಒಬ್ಬ ಹೆಸರಿಲ್ಲದ ಗಾಯಕಿಯನ್ನೇ ಕೇಳಿದರೂ ನಿಮ್ಮ ಹಣದ ದೊಡ್ಡ ಭಾಗ ತಾರೆಗಳ ಕಡೆಗೇ ಹರಿಯುತ್ತದೆ. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿಯೇ ಇಲ್ಲ. ಆದ್ದರಿಂದ ಇಷ್ಟವಾದ ಸಣ್ಣವರ ಹಾಡನ್ನು ಬ್ಯಾಂಡ್‌ಕ್ಯಾಂಪ್‌ನಂಥ, ಹಾಡು ಮಾರುವ ತಾಣದಲ್ಲಿ ಕೊಂಡುಕೊಳ್ಳಿ. ಅಲ್ಲಿ ಹಾಡಿನ ಬೆಲೆಯಲ್ಲಿ ಜಾಸ್ತಿ ಪಾಲು ಕಲಾವಿದರಿಗೇ ಸೇರುತ್ತದೆ. ಅವರು ಊರಿಗೆ ಬಂದರೆ ಪಾಸ್ ಕೇಳಬೇಡಿ, ಟಿಕೆಟ್ ತೆಗೆದುಕೊಳ್ಳಿ.

ಹಾಡನ್ನು ಯಾರಿಗಾದರೂ ಕಳಿಸುವಾಗ ಗಿಟಾರ್ ಯಾರದ್ದು, ಕೋರಸ್ ಯಾರದ್ದು ಅಂತ ಒಂದು ಸಾಲು ಸೇರಿಸಿ.

ನಿಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯಲ್ಲಿ ನೀವಿದ್ದರೆ ಇನ್ನೊಂದು ಕೆಲಸ ಇದೆ. ಫ್ಲೆಕ್ಸ್ ಮೇಲೆ ಗಾಯಕರ ಫೋಟೋ ಹಾಕಿ, ಕೆಳಗೆ "ಮತ್ತು ತಂಡದವರಿಂದ ರಸಮಂಜರಿ" ಅಂತ ಬರೆಸುತ್ತೀರಲ್ಲ, ಅಲ್ಲಿ ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ, ಗಿಟಾರ್, ಬೇಸ್‌ನವರ ಹೆಸರೂ ಬರೆಸಿ. ಪ್ರಿಂಟ್ ಮಾಡುವವರು ದುಡ್ಡು ತೆಗೆದುಕೊಳ್ಳುವುದು ಚದರ ಅಡಿಗೆ, ಅಕ್ಷರಕ್ಕಲ್ಲ. ಹೆಸರು ಬೇಕು ಅಂದರೆ ಒಂದು ಫೋನ್ ಮಾಡಿ ಕೇಳಿದರೆ ಆಯಿತು. ಸ್ಪೆಲ್ಲಿಂಗ್ ಸಮೇತ ನಾವೇ ಕಳಿಸುತ್ತೇವೆ.