‘ನಾಳೆ’ಗೆ ಅರ್ಥ ಬರೆಯುವ ಬಗೆ

ಮಂಡ್ಯದ ಒಂದು ಕಚೇರಿಯ ಎದುರು, ಹೊಂಗೆಮರದ ಕೆಳಗೆ ಕುಳಿತು ಅರ್ಜಿ ಬರೆದುಕೊಡುವುದು ನನ್ನ ಕಸುಬು. ದಿನವಿಡೀ ಕಿವಿಗೆ ಬೀಳುವುದು ಅವೇ ಪದಗಳು: ನಾಳೆ, ಪರಿಶೀಲನೆ, ಸೂಕ್ತ ಕ್ರಮ. ನಿಘಂಟಿನಲ್ಲಿ ಅವಕ್ಕೆ ಒಂದು ಅರ್ಥ, ಕಿಟಕಿಯ ಮುಂದೆ ನಿಂತವರಿಗೆ ಇನ್ನೊಂದು. ಆ ಎರಡನೆಯದನ್ನು ಯಾರಾದರೂ ಬರೆದಿಡಲೇಬೇಕು ಎನ್ನಿಸಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬರೆಯುವ ಮನಸ್ಸಿರುವವರಿಗಾಗಿ ನನ್ನ ಕ್ರಮವನ್ನು ಹೇಳುತ್ತೇನೆ.

ಮೊದಲು, ಆ ಪದದಿಂದ ಪೆಟ್ಟು ತಿಂದವರ ಮಾತಿಗೆ ಕಿವಿಗೊಡಿ. ಕಳೆದ ಆಷಾಢದಲ್ಲಿ ಬಸರಾಳಿನ ಕಡೆಯ ಅಜ್ಜಿಯೊಬ್ಬರು ತೀರಿಕೊಂಡ ಗಂಡನ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗೆಂದು ಅರ್ಜಿ ಬರೆಸಿದರು. ಗಂಡನ ಮರಣಪತ್ರ, ಪಹಣಿ, ಆಧಾರ್ ಮೂರನ್ನೂ ಬಟ್ಟೆ ಅಂಗಡಿಯ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡಿದ್ದರು. ಒಳಗೆ ಹೋಗಿ ಬಂದು, ‘ನಾಳೆ ಬರಬೇಕಂತೆ. ಬಸ್ಸಿಗೇನೋ ಕಾಸು ಕೊಡಬೇಕಿಲ್ಲ ಸ್ವಾಮಿ, ಕೂಲಿ ಹೋಗುತ್ತದಲ್ಲ’ ಎಂದರು.

ಅಂದು ಸಂಜೆ ‘ನಾಳೆ: ಎಂದೂ ಬಾರದ ದಿನ’ ಎಂದು ಬರೆದೆ. ಊರೆಲ್ಲ ಹೇಳಿ ಸವೆದ ಮಾತು, ಹೊಡೆದುಹಾಕಿದೆ. ‘ಸೋಮಾರಿ ಗುಮಾಸ್ತನ ಜಪ’ ಎಂದೆ. ಅದು ಬರೀ ಬೈಗುಳ. ಬೈದರೆ ಪದ ತಪ್ಪಿಸಿಕೊಳ್ಳುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಮತ್ತೆ ಅಜ್ಜಿಯ ಮಾತಿಗೇ ಮರಳಿದೆ. ‘ನಾಳೆ (ನಾಮಪದ): ಹೇಳುವವನಿಗೆ ಎರಡಕ್ಷರ, ಕೇಳಿದವಳಿಗೆ ಒಂದು ದಿನದ ಕೂಲಿ.’ ಇದು ನಿಂತಿತು.

ನಿಘಂಟಿನ ಗಾಂಭೀರ್ಯವನ್ನು ಬಿಡಬೇಡಿ. ಆಶ್ಚರ್ಯಸೂಚಕ ಚಿಹ್ನೆ ಬೇಡ. ಕನ್ನಡದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು: ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಮೊನೆ ಮೊಂಡಾಗುತ್ತದೆ. ‘ಪರಿಶೀಲನೆ: ಯಾರೂ ತೆರೆಯದ ಕಡತದ ವಿಳಾಸವಾಗಿರುತ್ತದೆ’ ಎಂದು ಓದಿ ನೋಡಿ. ಬಾಲವನ್ನು ಕತ್ತರಿಸಿ, ‘ವಿಳಾಸ’ದಲ್ಲೇ ನಿಲ್ಲಿಸಿ. ಚುಚ್ಚಬೇಕಾದ ಪದ ಕೊನೆಗೇ ಬರಲಿ.

ಪದವನ್ನು ಒಡೆದು ಶ್ಲೇಷೆ ಮಾಡುವ ದಾರಿಯೂ ಇದೆ. ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ನಾ. ಕಸ್ತೂರಿಯವರು ‘ಅನರ್ಥಕೋಶ’ ಎಂಬ ನಗೆನಿಘಂಟು ಬರೆದು ಕನ್ನಡಿಗರಿಗೆ ಇಂಥ ಬರವಣಿಗೆಯ ರುಚಿ ಹತ್ತಿಸಿದರು. ಶ್ಲೇಷೆ ಒಲಿದವರು ಆ ದಾರಿ ಹಿಡಿಯಲಿ. ನನಗೆ ನಡೆದದ್ದನ್ನು ಹೇಳುವುದೇ ಮುಖ್ಯ.

ಆತುರ ಬೇಡ. ಅಮೆರಿಕದ ಪತ್ರಕರ್ತ ಆಂಬ್ರೋಸ್ ಬಿಯರ್ಸ್ 1881ರಿಂದ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಇಂಥ ಅರ್ಥಗಳನ್ನು ಬರೆಯುತ್ತಾ ಬಂದರು. ಅವು ಪುಸ್ತಕವಾದದ್ದು 1906ರಲ್ಲಿ. ತಿಂಗಳಿಗೆ ಎರಡು ಪದ ಗಟ್ಟಿಯಾಗಿ ನಿಂತರೂ ಸಾಕು.

ಕೊನೆಗೆ, ಮೇಜಿನ ಆಚೆಗಿರುವವರಿಗೂ ಓದಿ ಹೇಳಿ. ಅವರ ಮುಖ ಬಾಡಿದರೆ ನೀವು ವ್ಯಕ್ತಿಗೆ ಹೊಡೆದಿದ್ದೀರಿ, ತಿದ್ದಬೇಕು. ‘ಪರಿಶೀಲನೆ’ಯನ್ನು ನಾನು ಆ ಕಚೇರಿಯ ಜವಾನರಿಗೇ ಓದಿದೆ. ಅವರು ಟೀ ಲೋಟವನ್ನು ಕೆಳಗಿಟ್ಟು, ‘ನನ್ನ ಬಡ್ತಿಯ ಕಡತವೂ ಅದೇ ವಿಳಾಸದಲ್ಲಿದೆ, ಹಾಗೇ ಇರಲಿ ಬಿಡಿ’ ಎಂದರು.