ಎರಡು ಸಲ ಮುದ್ರಣವಾದ ಪಟ್ಟಿ ಮತ್ತು ಮೌಸ್ ಕರ್ಸರ್

ವಿಜಯಪುರದ ಒಣದ್ರಾಕ್ಷಿ ದಲಾಲಿ ಅಂಗಡಿಯೊಂದಕ್ಕೆ ನಾನು ಸಿ ಶಾರ್ಪ್ ಭಾಷೆಯಲ್ಲಿ, ಪರದೆಯ ಬಟನ್ನು, ಖಾನೆಗಳನ್ನು ಕಟ್ಟಿಕೊಡುವ ವಿಂಡೋಸ್ ಫಾರ್ಮ್ಸ್ ಬಳಸಿ, ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಹಂಗಾಮಿನಲ್ಲಿ ನಮೂದುಗಳು ಹೆಚ್ಚಿದಂತೆ ರೈತರ ಲೆಕ್ಕದ ಪಟ್ಟಿ ಸಿದ್ಧವಾಗಲು ಅರ್ಧ ನಿಮಿಷ ಹಿಡಿಯತೊಡಗಿತು. ಕೆಲವು ಪಟ್ಟಿಗಳು ಎರಡೆರಡು ಸಲ ಮುದ್ರಣವಾಗತೊಡಗಿದವು. ಕೇಳಿದರೆ ಅಂಗಡಿಯ ಲೆಕ್ಕ ನೋಡುವ ದಿವಾನಜಿಯವರು, “ಒತ್ತಿದ್ರ ಏನೂ ಆಗವಲ್ದ್ರೀ, ಬಾಣ ಹಂಗ ನಿಂತಿರ್ತದ, ಅದಕ್ಕ ಮತ್ತೊಮ್ಮೆ ಒತ್ತೀನ್ರೀ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಕಾಯಬೇಕೆಂದು ತಿಳಿಸಲು ಬಾಣದ ಬದಲು ತಿರುಗುವ ಉಂಗುರ ತೋರಿಸೋಣವೆಂದು, ಬಟನ್ ಒತ್ತಿದಾಗ ನಡೆಯುವ ಫಂಕ್ಷನ್ ಆರಂಭದಲ್ಲಿ ಕರ್ಸರ್.ಕರೆಂಟ್‌ಗೆ ಕರ್ಸರ್ಸ್.ವೇಟ್‌ಕರ್ಸರ್ ಎಂದು ಕೊಟ್ಟೆ. ಉಂಗುರ ಒಂದು ಕ್ಷಣ ಕಾಣಿಸಿ ಮತ್ತೆ ಬಾಣವಾಯಿತು. ಮೌಸ್ ವಿಂಡೋದ ಮೇಲೆ ಅಲುಗಿದಾಗಲೆಲ್ಲ ವಿಂಡೋಸ್ ಆ ವಿಂಡೋಗೆ ಡಬ್ಲ್ಯುಎಂ_ಸೆಟ್‌ಕರ್ಸರ್ ಎಂಬ ಸಂದೇಶ ಕಳುಹಿಸುತ್ತದೆ. ಆಗ ಮೌಸ್ ಕೆಳಗಿರುವ ಕಂಟ್ರೋಲ್ (ಬಟನ್, ಖಾನೆಯಂಥದ್ದು) ತನ್ನದೇ ಕರ್ಸರನ್ನು ಮತ್ತೆ ಹಾಕಿಕೊಳ್ಳುತ್ತದೆ. ಹೀಗಾಗಿ ಕರ್ಸರ್.ಕರೆಂಟ್‌ನಲ್ಲಿ ಇಟ್ಟದ್ದು ಮುಂದಿನ ಸಂದೇಶದವರೆಗಷ್ಟೇ ಬಾಳುತ್ತದೆ. ಎಷ್ಟನೆಯ ರೈತನ ಲೆಕ್ಕ ನಡೆದಿದೆ ಎಂದು ತೋರಿಸಲು ಲೂಪಿನೊಳಗೆ ನಾನೇ ಅಪ್ಲಿಕೇಶನ್.ಡುಇವೆಂಟ್ಸ್ ಸೇರಿಸಿದ್ದೆ, ಬಾಕಿ ಸಂದೇಶಗಳನ್ನು ನಡುವೆಯೇ ಒಳಗೆ ಬಿಡುತ್ತಿದ್ದುದು ಅದೇ.

ಅದನ್ನು ತೆಗೆದೆ, ಉಂಗುರ ನಿಂತಿತು, ಆದರೆ ಜೋಡಿ ಪಟ್ಟಿ ನಿಲ್ಲಲಿಲ್ಲ. ಈ ಒಂದು ವಿಷಯಕ್ಕೇ ನನ್ನ ಎರಡು ಸಂಜೆಗಳು ಹೋದವು. ಕರ್ಸರ್ ಬದಲಾದ ಮಾತ್ರಕ್ಕೆ ಕ್ಲಿಕ್ ನಿಲ್ಲುವುದಿಲ್ಲ. ತಂತ್ರಾಂಶ ಲೆಕ್ಕದಲ್ಲಿ ಮುಳುಗಿರುವಾಗ ಒತ್ತಿದ ಕ್ಲಿಕ್ಕುಗಳು ಸರದಿಯಲ್ಲಿ ಕಾದಿದ್ದು, ಲೆಕ್ಕ ಮುಗಿದ ಕೂಡಲೇ ಒಂದೊಂದಾಗಿ ಜಾರಿಯಾಗುತ್ತವೆ. ಆರಂಭದಲ್ಲಿ ಬಟನ್ ನಿಷ್ಕ್ರಿಯಗೊಳಿಸಿ ಕೊನೆಯಲ್ಲಿ ಸಕ್ರಿಯಗೊಳಿಸಿದರೂ ಫಲವಿಲ್ಲ, ಏಕೆಂದರೆ ಸರದಿಯ ಕ್ಲಿಕ್ ಹೊರಬರುವ ಹೊತ್ತಿಗೆ ಬಟನ್ ಮತ್ತೆ ಎಚ್ಚರವಾಗಿರುತ್ತದೆ.

ಕೊನೆಗೆ ಲೆಕ್ಕದ ಭಾಗವನ್ನು ಟಾಸ್ಕ್.ರನ್ ಮೂಲಕ ಜೊತೆಜೊತೆಗೇ ಬೇರೆಯಾಗಿ ನಡೆಯುವ ಇನ್ನೊಂದು ಥ್ರೆಡ್ಡಿಗೆ ಕಳುಹಿಸಿ, ಫಲಿತಾಂಶಕ್ಕೆ ವಿಂಡೋವನ್ನು ತಡೆಯದೆ ಕಾಯುವ ಅವೇಟ್ ಬಳಸಿದೆ. ಈಗ ವಿಂಡೋ ಸಂದೇಶಗಳನ್ನು ಕೇಳುತ್ತಲೇ ಇರುವುದರಿಂದ, ನಿಷ್ಕ್ರಿಯ ಬಟನ್ನಿನ ಮೇಲೆ ಬಿದ್ದ ಕ್ಲಿಕ್ ಅಲ್ಲಿಯೇ ಸಾಯುತ್ತದೆ. ಕರ್ಸರ್‌ಗಾಗಿ ಫಾರ್ಮಿನ, ಅಂದರೆ ಇಡೀ ವಿಂಡೋದ, ಯೂಸ್‌ವೇಟ್‌ಕರ್ಸರ್ ಅನ್ನು ಟ್ರೂ ಮಾಡಿದೆ. ಫಾರ್ಮಿನ ಕರ್ಸರ್ ಪ್ರಾಪರ್ಟಿಯನ್ನಷ್ಟೇ ಬದಲಿಸಿದ್ದರೆ ಸಾಲುತ್ತಿರಲಿಲ್ಲ. ಟೆಕ್ಸ್ಟ್‌ಬಾಕ್ಸಿಗೆ ಅಕ್ಷರ ತಿದ್ದುವ ನೆಟ್ಟಗಿನ ಗೆರೆಯೇ ಸ್ವಂತ ಕರ್ಸರ್ ಆದ್ದರಿಂದ, ತೂಕ ಬರೆಯುವ ಖಾನೆಯ ಮೇಲೆ ಉಂಗುರ ಕಾಣುತ್ತಿರಲಿಲ್ಲ. ಯೂಸ್‌ವೇಟ್‌ಕರ್ಸರ್ ಒಳಗಿನ ಎಲ್ಲ ಕಂಟ್ರೋಲ್‌ಗಳಿಗೂ ಇಳಿಯುತ್ತದೆ. ಆದರೆ ಮೌಸ್ ಅಲುಗುವವರೆಗೆ ಅದು ತೋರದು. ದಿವಾನಜಿಯವರಾದರೋ ಒತ್ತಿದ ಕೈಯನ್ನು ಕದಲಿಸದೆ ಪರದೆಯನ್ನೇ ನೋಡುತ್ತ ಕೂರುವವರು. ಅವರಿಗಾಗಿ ಹಳೆಯ ಕರ್ಸರ್.ಕರೆಂಟ್ ಸಾಲನ್ನೂ ಅದರ ಜೊತೆಗೆ ಉಳಿಸಿಕೊಂಡೆ.

ಒಂದು ದಿನ ಸರ್ವರ್ ಕಂಪ್ಯೂಟರಿನ ಕೇಬಲ್ ಸಡಿಲಾಗಿ ಲೆಕ್ಕ ಅರ್ಧಕ್ಕೆ ಮುರಿದಾಗ, ಕರ್ಸರನ್ನು ಹಿಂದಿರುಗಿಸುವ ಸಾಲಿಗೆ ಪ್ರೋಗ್ರಾಮ್ ತಲುಪಲೇ ಇಲ್ಲ. ಸಂಜೆಯವರೆಗೂ ಉಂಗುರ ತಿರುಗುತ್ತಲೇ ಇತ್ತು, ದಿವಾನಜಿಯವರೂ ಕಾಯುತ್ತಲೇ ಇದ್ದರು. ಯೂಸ್‌ವೇಟ್‌ಕರ್ಸರ್ ಫಾಲ್ಸ್ ಮಾಡುವ ಸಾಲನ್ನೂ ಬಟನ್ ಸಕ್ರಿಯಗೊಳಿಸುವ ಸಾಲನ್ನೂ ಅದೇ ರಾತ್ರಿ, ಕೆಲಸ ನಡುವೆ ಮುರಿದರೂ ತಪ್ಪದೆ ನಡೆಯುವ ಫೈನಲಿ ಭಾಗಕ್ಕೆ ಸರಿಸಿದೆ.